ಕಪ್ಪು ಬೆಲ್ಟು, ಬಿಳಿ ಪಂಚೆ: ಚರ್ಮಕ್ಕೆ ಟಾಪ್‌ಕೋಟ್ ಯಾವುದು ಹಾಕುತ್ತೀರಿ?

ಜಯನಗರ_4ನೇಬ್ಲಾಕ್

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಮನೆಯಲ್ಲೇ ಚರ್ಮದ ಕೆಲಸ ಮಾಡುತ್ತಿದ್ದೇನೆ. ಕೀ ಚೈನು, ಕಾರ್ಡ್ ಪರ್ಸು ಇಷ್ಟರಲ್ಲೇ ಇದ್ದೆ. ಈ ಸಲ ಧೈರ್ಯ ಮಾಡಿ ಭಾವನಿಗೆ ಒಂದು ಕಪ್ಪು ಬೆಲ್ಟು ಮಾಡಿಕೊಟ್ಟೆ. ಅವರ ಮನೆ ಗೃಹಪ್ರವೇಶ ಇತ್ತು. ಹೋಮ ಮುಗಿದ ಮೇಲೆ ಪಂಚೆ ಜಾರುತ್ತದೆ ಅಂತ ಅದನ್ನೇ ಕಟ್ಟಿಕೊಂಡು ಊಟ ಬಡಿಸೋಕೆ ನಿಂತರು. ಶಾಮಿಯಾನದ ಕೆಳಗೆ ಮಧ್ಯಾಹ್ನದ ಸೆಖೆ, ಇನ್ನೂರು ಎಲೆ, ಓಡಾಟ. ಸಂಜೆ ಬೆಲ್ಟು ಬಿಚ್ಚಿದರೆ ಬಿಳಿ ರೇಷ್ಮೆ ಪಂಚೆ ಮೇಲೆ ಸೊಂಟದ ಸುತ್ತ ಉಡಿದಾರ ಬರೆದ ಹಾಗೆ ಕಪ್ಪು ಗೆರೆ! ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿನ್ನ ಹವ್ಯಾಸಕ್ಕೆ ನಮ್ಮನೆಯವರ ಪಂಚೆಯೇ ಬೇಕಿತ್ತಾ?"

ನಾನು ಮಾಡಿದ್ದು ಹೀಗೆ. 3.5 ಮಿಲಿಮೀಟರ್ ದಪ್ಪದ ವೆಜ್ ಟ್ಯಾನ್ ಚರ್ಮ, ಅಂದರೆ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು. ಫೀಬಿಂಗ್ಸ್ ಕಂಪನಿಯ ಕಪ್ಪು ಡೈ, ಸ್ಪಿರಿಟ್‌ನದು, ಎರಡು ಕೈ. ಅದೇ ಸಂಜೆ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆಯುವ, ಚರ್ಮ ಮೆತ್ತಗಿಡುವ ಎಣ್ಣೆ). ಮಾರನೇ ದಿನ ಬೆಳಿಗ್ಗೆ ರೆಸೊಲೀನ್ (ಬಣ್ಣದ ಮೇಲೆ ಕೊನೆಗೆ ಹಚ್ಚುವ ಅಕ್ರಿಲಿಕ್ ಟಾಪ್‌ಕೋಟ್), ಬಾಟಲಿಯಿಂದ ನೇರವಾಗಿ, ದಪ್ಪಗೆ ಎರಡು ಕೋಟ್. ಒಣಗಿದಾಗ ಗಾಜಿನ ಹಾಗೆ ಹೊಳೆಯುತ್ತಿತ್ತು, ಫೋಟೋ ಕೂಡ ಹಾಕಿದ್ದೆ. ಈಗ ನೋಡಿದರೆ ಬಕಲ್ ಹತ್ತಿರ ಮಡಿಚುವ ಕಡೆ ಬಿಳಿ ಬಿರುಕು ಬಿಟ್ಟಿದೆ, ತೂತುಗಳ ಸುತ್ತ ಹಾವಿನ ಪೊರೆ ಥರ ಏಳುತ್ತಿದೆ. ಟಾಪ್‌ಕೋಟ್ ಹಾಕಿದ ಮೇಲೂ ಬಣ್ಣ ಬಿಡುವುದು ಹೇಗೆ? ಇದಕ್ಕಿಂತ ಗಟ್ಟಿ ಟಾಪ್‌ಕೋಟ್ ಯಾವುದಾದರೂ ಇದೆಯಾ?

ಸುಮ್ನೆ_ಓದುವವನು

ಹೋಮದ ದಿನ ಚರ್ಮದ ಬೆಲ್ಟು ಕಟ್ಟಿದ್ದಕ್ಕೆ ದೇವರೇ ಗೆರೆ ಎಳೆದಿದ್ದಾನೆ 😄 ತಮಾಷೆಗೆ ಹೇಳಿದೆ. ನಮ್ಮಜ್ಜ ಚಪ್ಪಲಿಗೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ, ಹತ್ತು ವರ್ಷ ಬಂತು.

ಮೇಣದಬತ್ತಿ

ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ ಅಷ್ಟೇ. ಇಷ್ಟು ಕಷ್ಟಪಟ್ಟು ಒಳ್ಳೆ ಚರ್ಮ ತಂದು, ಕೈಯಲ್ಲಿ ಹೊಲಿದು, ಕೊನೆಗೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಸೋದು ಯಾಕೆ? ಜೇನುಮೇಣ ಒಂದು ಭಾಗ, ನೀಟ್ಸ್‌ಫುಟ್ ಎಣ್ಣೆ ಎರಡು ಭಾಗ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಡಬ್ಬಿಗೆ ಸುರಿದು ಆರಿಸಿ. ಬಟ್ಟೆಯಲ್ಲಿ ತೆಗೆದು ಉಜ್ಜಿ, ರಾತ್ರಿ ಬಿಡಿ, ಬೆಳಿಗ್ಗೆ ಬ್ರಶ್ ಹೊಡೆಯಿರಿ. ನಾನು ಮೂರು ವರ್ಷದಿಂದ ಇದನ್ನೇ ಹಾಕುತ್ತಿದ್ದೇನೆ. ಬಿರುಕು ಬಿಡುವ ಮಾತೇ ಇಲ್ಲ, ಬಿರುಕು ಬಿಡೋಕೆ ಮೇಲೆ ಪದರವೇ ಇರಲ್ಲವಲ್ಲ.

ಉಳಿಸುತ್ತಿಗೆ

ಜಯನಗರದವರೇ, ಗಟ್ಟಿ ಟಾಪ್‌ಕೋಟ್ ಹುಡುಕುವ ಮೊದಲು ಒಂದು ಪ್ರಶ್ನೆ. ಬೆಲ್ಟಿನ ಹಿಂಬದಿಗೆ ಏನು ಹಾಕಿದಿರಿ?

ಜಯನಗರ_4ನೇಬ್ಲಾಕ್

ಹಿಂಬದಿಗೆ... ಡೈ ಹಾಕಿದೆ ಸಾರ್. ಎರಡೂ ಕಡೆ ಕಪ್ಪು ಇರಲಿ ಅಂತ. ಟಾಪ್‌ಕೋಟ್ ಮುಂದೆ ಮಾತ್ರ.

ಅಯ್ಯೋ. ಪಂಚೆಗೆ ತಾಗಿದ್ದು ಹಿಂಬದಿ ಅಲ್ವಾ!

ಉಳಿಸುತ್ತಿಗೆ

ಅದೇ ನೋಡಿ. ನಾನು ಶಿವಾಜಿನಗರದಲ್ಲಿ 22 ವರ್ಷ ಚಪ್ಪಲಿ, ಬೆಲ್ಟು, ಕುದುರೆ ಜೀನು ಅಂತ ಕೆಲಸ ಮಾಡಿದವನು. ಬಣ್ಣ ಬಿಡುತ್ತದೆ ಅಂತ ವಾಪಸ್ ಬಂದ ಬೆಲ್ಟುಗಳಲ್ಲಿ ಹತ್ತರಲ್ಲಿ ಎಂಟು ಹಿಂಬದಿಯದೋ ಅಂಚಿನದೋ ಆಗಿರುತ್ತಿದ್ದವು. ಮುಂಭಾಗ ಗಾಳಿಗೆ ಇರುತ್ತದೆ, ಅದನ್ನು ನೋಡುತ್ತಾರೆ ಅಂತ ನಾವು ಅಲ್ಲೇ ಎಲ್ಲ ಶ್ರಮ ಹಾಕುತ್ತೇವೆ. ಬಟ್ಟೆ ಉಜ್ಜುವುದು ಹಿಂದೆ. ಅದೂ ಬೆವರಿನ ಜೊತೆ. ಹಿಂಬದಿ ನಾರುನಾರಾಗಿರುತ್ತದೆ, ಡೈಯನ್ನು ಮುಂಭಾಗಕ್ಕಿಂತ ಜಾಸ್ತಿ ಕುಡಿಯುತ್ತದೆ, ಕುಡಿದದ್ದರಲ್ಲಿ ಬಹಳಷ್ಟು ಹಾಗೇ ಪುಡಿಯಾಗಿ ನಾರಿನ ಮಧ್ಯೆ ಕೂತಿರುತ್ತದೆ.

ಇನ್ನು ಮುಂಭಾಗದ ಬಿರುಕು. ಅಲ್ಲಿ ನೀವು ಮಾಡಿದ್ದು ಎರಡು ತಪ್ಪು. ಎಣ್ಣೆ ಹಾಕಿ ರಾತ್ರಿ ಕಳೆಯುವಷ್ಟರಲ್ಲಿ ರೆಸೊಲೀನ್ ಹಚ್ಚಿದ್ದೀರಿ. ಎಣ್ಣೆ ಒಳಗೆ ಇಳಿದು ಸಮ ಆಗೋಕೆ 24 ಗಂಟೆಯಾದರೂ ಬೇಕು, ನಾನಾದರೆ ಎರಡು ದಿನ ಬಿಡುತ್ತೇನೆ. ಎಣ್ಣೆ ಮೇಲೆ ಕೂತಿರುವಾಗ ನೀರಿನ ಫಿನಿಶ್ ಹಾಕಿದರೆ ಚರ್ಮಕ್ಕೆ ಕಚ್ಚಿಕೊಳ್ಳುವುದಿಲ್ಲ, ಎಣ್ಣೆ ಮೇಲೆ ತೇಲುತ್ತದೆ, ಅದಕ್ಕೇ ಪೊರೆ ಥರ ಏಳುತ್ತಿರುವುದು. ಎರಡನೆಯದು ದಪ್ಪ. ರೆಸೊಲೀನ್ ಅಕ್ರಿಲಿಕ್, ತೆಳ್ಳಗಿದ್ದರೆ ಚರ್ಮದ ಜೊತೆ ಬಾಗುತ್ತದೆ, ದಪ್ಪಗಾದರೆ ಬಾಗುವುದಿಲ್ಲ, ಒಡೆಯುತ್ತದೆ. ಅರ್ಧ ರೆಸೊಲೀನ್ ಅರ್ಧ ನೀರು ಬೆರೆಸಿ. ಸ್ಪಂಜು ನೀರಲ್ಲಿ ಅದ್ದಿ ಪೂರ್ತಿ ಹಿಂಡಿ, ಆಮೇಲೆ ಫಿನಿಶ್‌ಗೆ ಅದ್ದಿ ಮತ್ತೆ ಸ್ವಲ್ಪ ಹಿಂಡಿ. ದೋಸೆ ಹಂಚಿಗೆ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರುತ್ತಾರಲ್ಲ, ಅಷ್ಟೇ ಇರಬೇಕು. ಬೆಲ್ಟಿನ ಉದ್ದಕ್ಕೂ ಒಂದೇ ಎಳೆತ, ಒಂದೇ ದಿಕ್ಕು. ಅರ್ಧ ಒಣಗಿದ ಮೇಲೆ "ಇಲ್ಲೊಂದು ಕಡೆ ಬಿಟ್ಟುಹೋಯಿತು" ಅಂತ ವಾಪಸ್ ಕೈ ಆಡಿಸಿದಿರೋ, ಗೆರೆ ಗ್ಯಾರಂಟಿ. ಬಿಟ್ಟಿದ್ದನ್ನು ಮುಂದಿನ ಕೋಟ್ ನೋಡಿಕೊಳ್ಳುತ್ತದೆ. ನೊರೆ ಬಂದರೆ ಸ್ಪಂಜು ಒತ್ತುತ್ತಿದ್ದೀರಿ ಅಂತ ಅರ್ಥ.

ಎರಡು ತೆಳು ಕೋಟ್ ಸಾಕು. ಮಧ್ಯೆ ಒಂದು ಗಂಟೆ, ಮಳೆಗಾಲದಲ್ಲಿ ಮೂರು ಗಂಟೆ ಅನ್ನಿ.

ಬ್ಯಾಗಿನಕ್ಕ

ಉಳಿಸುತ್ತಿಗೆ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಡೈ ಮತ್ತು ಟಾಪ್‌ಕೋಟ್ ಮಧ್ಯೆ ಒಂದು ಕೆಲಸ ಇದೆ, ಅದನ್ನು ಯಾರೂ ವಿಡಿಯೋದಲ್ಲಿ ಪೂರ್ತಿ ತೋರಿಸುವುದಿಲ್ಲ, ಯಾಕೆಂದರೆ ಬೋರು. ಒರೆಸುವುದು.

ಕಪ್ಪು ಡೈ ಒಣಗಿದ ಮೇಲೆ ಚರ್ಮವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಪ್ಪಿನ ಮೇಲೆ ಒಂದು ಥರ ಹಸಿರೂ ಅಲ್ಲದ ತಾಮ್ರವೂ ಅಲ್ಲದ ಹೊಳಪು ಕಾಣುತ್ತದೆ, ಪೆಟ್ರೋಲ್ ಬಿದ್ದ ರಸ್ತೆ ಥರ. ನಾನು ಮೊದಲು ಅದನ್ನೇ "ಎಷ್ಟು ಚೆನ್ನಾಗಿದೆ" ಅಂದುಕೊಳ್ಳುತ್ತಿದ್ದೆ. ಅದು ಚರ್ಮದೊಳಗೆ ಜಾಗ ಸಿಗದೆ ಮೇಲೆ ಉಳಿದ ಡೈ. ಬಟ್ಟೆಗೆ ಹೋಗುವುದು ಅದೇ. ಹಳೇ ಬಿಳಿ ಬನಿಯನ್ ತುಂಡು ಮಾಡಿ ಇಟ್ಟುಕೊಳ್ಳಿ. ಡೈ ಹಾಕಿ ಒಂದು ದಿನ ಬಿಟ್ಟು ಒಂದೊಂದೇ ತುಂಡಿನಲ್ಲಿ ಬಲವಾಗಿ ಉಜ್ಜಿ. ಮೊದಲ ತುಂಡು ಇದ್ದಿಲಿನ ಹಾಗೆ ಆಗುತ್ತದೆ. ಎರಡನೆಯದು ಬೂದು. ನಾಲ್ಕನೆಯದೋ ಐದನೆಯದೋ ಬಿಳಿಯಾಗೇ ಉಳಿದರೆ ಆಗ ಟಾಪ್‌ಕೋಟ್ ಬಾಟಲಿ ಮುಟ್ಟಿ. ಕಪ್ಪು, ಕಡುನೀಲಿ, ಕೆಂಪು ಈ ಮೂರಕ್ಕೆ ಈ ಕೆಲಸ ಬಿಡಲೇಬಾರದು. ಕಂದು ಬಣ್ಣಗಳು ಅಷ್ಟು ಕಾಟ ಕೊಡುವುದಿಲ್ಲ.

ಇನ್ನೊಂದು. ನೀರಿನ ಡೈ ಬಳಸಿದ್ದರೆ ಅದರ ಮೇಲೆ ನೀರಿನ ಟಾಪ್‌ಕೋಟ್ ಸ್ಪಂಜಿನಲ್ಲಿ ಹಚ್ಚುವಾಗ ಡೈ ಮತ್ತೆ ಕರಗಿ ಕಲಸಿಹೋಗುತ್ತದೆ. ಕಂದು ಹಿನ್ನೆಲೆಯಲ್ಲಿ ಬಿಳಿ ದಾರ ಹಾಕಿದ ಒಂದು ಕೈಚೀಲ ನಾನು ಹಾಗೇ ಕೆಡಿಸಿದೆ. ದಾರ ಪೂರ್ತಿ ಕಾಫಿ ಬಣ್ಣ. ಗಿರಾಕಿ ಬೆಳಿಗ್ಗೆ ಬರುತ್ತಾರೆ ಅಂದಾಗ ರಾತ್ರಿ ಹನ್ನೊಂದಕ್ಕೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿದೆ. ಈಗ ಮೊದಲ ಕೋಟ್ ಏರ್‌ಬ್ರಶ್‌ನಲ್ಲಿ ಮಂಜಿನ ಹಾಗೆ ಹೊಡೆಯುತ್ತೇನೆ, ಅದು ಕೂತ ಮೇಲೆ ಎರಡನೆಯದಕ್ಕೆ ಸ್ಪಂಜು.

ಕೆಮಿಸ್ಟ್ರಿ_ಮೇಷ್ಟ್ರು

ಬ್ಯಾಗಿನಕ್ಕ ಹೇಳಿದ ಬನಿಯನ್ ಪರೀಕ್ಷೆಗೆ ಲ್ಯಾಬಿನಲ್ಲಿ ಒಂದು ಹೆಸರೇ ಇದೆ. ಐಎಸ್‌ಒ 11640. ಬಿಳಿ ಉಣ್ಣೆಯ ಫೆಲ್ಟ್ ತುಂಡನ್ನು ಚರ್ಮದ ಮೇಲೆ ಭಾರ ಇಟ್ಟು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಒಣ ಫೆಲ್ಟ್, ಒದ್ದೆ ಫೆಲ್ಟ್, ಕೃತಕ ಬೆವರಿನಲ್ಲಿ ನೆನೆಸಿದ ಫೆಲ್ಟ್ ಹೀಗೆ ಬೇರೆ ಬೇರೆ. ಫೆಲ್ಟಿಗೆ ಎಷ್ಟು ಬಣ್ಣ ಹತ್ತಿತು ಅಂತ ಬೂದು ಬಣ್ಣದ ಪಟ್ಟಿಯ ಪಕ್ಕ ಇಟ್ಟು ಅಂಕ ಕೊಡುತ್ತಾರೆ. ಮನೆಯಲ್ಲಿ ಇದನ್ನು ಸುಲಭವಾಗಿ ಮಾಡಬಹುದು. ಒಂದು ತುಂಡು ಒಣ ಬಟ್ಟೆ, ಒಂದು ನೀರಿನಲ್ಲಿ ಅದ್ದಿ ಹಿಂಡಿದ್ದು, ಒಂದು ಉಪ್ಪುನೀರಿನಲ್ಲಿ ಅದ್ದಿದ್ದು. ಬೆರಳಿಗೆ ಸುತ್ತಿ ಒಂದೇ ಜಾಗದಲ್ಲಿ 20 ಸಲ ಉಜ್ಜಿ. ಒಣದರಲ್ಲಿ ಪಾಸಾಗಿ ಉಪ್ಪುನೀರಿನಲ್ಲಿ ಫೇಲಾಗುವುದು ಬಹಳ ಸಾಮಾನ್ಯ. ಪಂಚೆಗೆ ಆಗಿದ್ದು ಅದೇ.

ಮೇಣದಬತ್ತಿಯವರಿಗೆ: ಮೇಣ ನೀರನ್ನು ತಡೆಯುತ್ತದೆ, ನಿಜ. ಆದರೆ ಸಡಿಲ ಡೈಯನ್ನು ಹಿಡಿದು ಕೂರಿಸುವುದಿಲ್ಲ. ಎಣ್ಣೆ ಬೆರೆತ ಮೇಣ ಕೆಲವು ಸಲ ಆ ಡೈಯನ್ನು ತನ್ನ ಜೊತೆ ಬಟ್ಟೆಗೆ ಹೊತ್ತುಕೊಂಡು ಹೋಗುತ್ತದೆ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿಗೆ. ಎಣ್ಣೆ ಬೆರೆಸಿದರೆ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪರ್ಸು ಬಿಟ್ಟು ನೋಡಿ. ಸ್ವಲ್ಪ ಕಾರ್ನೂಬಾ ಮೇಣ ಸೇರಿಸಿಕೊಳ್ಳಿ, ಅದು 80 ಡಿಗ್ರಿ ದಾಟಿದ ಮೇಲೇ ಕರಗುವುದು, ಹೊಳಪೂ ಚೆನ್ನಾಗಿ ಬರುತ್ತದೆ.

ಮೇಣದಬತ್ತಿ

ಮೇಷ್ಟ್ರೇ ಒಪ್ಪಿದೆ, ನಾನು ಮಾಡುವುದೆಲ್ಲ ಬಣ್ಣ ಹಾಕದ ಚರ್ಮದ್ದೇ. ಬಿಸಿಲಿಗೆ ತಾನಾಗೇ ಕಂದಾಗಲಿ ಅಂತ ಬಿಡುತ್ತೇನೆ. ಅದಕ್ಕೇ ನನಗೆ ಈ ತೊಂದರೆ ಕಂಡಿಲ್ಲ ಅನ್ನಿಸುತ್ತದೆ. ಆದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ 🙂

ಒಂದು ಡೌಟು. ಮೇಣ ಹಾಕಿದ ಪರ್ಸಿಗೆ ಆಮೇಲೆ ರೆಸೊಲೀನ್ ಹಚ್ಚಬಹುದಾ? ಒಬ್ಬರು ಕೇಳುತ್ತಿದ್ದಾರೆ.

ಉಳಿಸುತ್ತಿಗೆ

ಬೇಡ. ಕೆಸುವಿನೆಲೆ ಮೇಲೆ ನೀರು ಹಾಕಿದ ಹಾಗೆ ಆಗುತ್ತದೆ, ಗುಂಡುಗುಂಡಾಗಿ ನಿಲ್ಲುತ್ತದೆ. ರೆಸೊಲೀನ್ ಮೊದಲು, ಅದು ಪೂರ್ತಿ ಒಣಗಿದ ಮೇಲೆ ಬೇಕಾದರೆ ಮೇಲೊಂದು ತೆಳು ಮೇಣ. ಉಲ್ಟಾ ಆಗದು.

ಪೀಣ್ಯ_ಹೊಸಬ

ಸಾರ್ ನನ್ನದು ಸಣ್ಣ ಪ್ರಶ್ನೆ. ಪೇಟೆಯಲ್ಲಿ ತಂದ ಕಪ್ಪು ಚರ್ಮ, ಅಂಗಡಿಯವನು ಕ್ರೋಮ್ (ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು) ಅಂದ. ಅದಕ್ಕೂ ಟಾಪ್‌ಕೋಟ್ ಬೇಕಾ?

ಬ್ಯಾಗಿನಕ್ಕ

ಒಂದು ಹನಿ ನೀರು ಹಾಕಿ ನೋಡಿ ತಮ್ಮಾ. ನೀರು ಒಳಗೆ ಇಂಗಿದರೆ ಮೇಲೆ ಏನೂ ಇಲ್ಲ. ಮುತ್ತಿನ ಹಾಗೆ ನಿಂತರೆ ಟ್ಯಾನರಿಯಲ್ಲೇ ಫಿನಿಶ್ ಹೊಡೆದು ಕಳಿಸಿದ್ದಾರೆ. ಬ್ಯಾಗಿನ ಅಂಗಡಿಗಳಿಗೆ ಬರುವ ಕ್ರೋಮ್ ಚರ್ಮ ಹೆಚ್ಚಾಗಿ ಹಾಗೇ. ಅದರ ಮೇಲೆ ನೀವು ಏನು ಹಚ್ಚಿದರೂ ದುಡ್ಡು ದಂಡ. ಕತ್ತರಿಸಿದ ಅಂಚಿಗೆ ಮಾತ್ರ ಎಡ್ಜ್ ಪೇಂಟ್ ಹಾಕಿ.

ಸುಮ್ನೆ_ಓದುವವನು

ನನ್ನ ಕೊಬ್ಬರಿ ಎಣ್ಣೆಗೆ ಯಾರೂ ಉತ್ತರ ಕೊಡಲಿಲ್ಲ. ಬೇಜಾರಾಯಿತು.

ಕೆಮಿಸ್ಟ್ರಿ_ಮೇಷ್ಟ್ರು

ಕೊಡುತ್ತೇನೆ ಇರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಬಚ್ಚಲಮನೆಯಲ್ಲಿ ಬಾಟಲಿ ತಲೆಕೆಳಗೆ ಮಾಡಿ ಬಡಿಯುತ್ತೇವಲ್ಲ, ಅದೇ ಎಣ್ಣೆ ಚರ್ಮದೊಳಗೂ ಇದೆ ಅಂದುಕೊಳ್ಳಿ. ಚಳಿಗೆ ಮೇಲೆ ಬಂದು ಬಿಳಿ ಪುಡಿಯಾಗಿ ಕೂರಬಹುದು. ಜನ ಅದನ್ನು ಬೂಷ್ಟು ಅಂತ ಗಾಬರಿಯಾಗಿ ವಿನೆಗರ್ ಹಾಕಿ ಉಜ್ಜುತ್ತಾರೆ. ಗೊತ್ತುಮಾಡಿಕೊಳ್ಳುವುದು ಸುಲಭ. ಹೇರ್ ಡ್ರೈಯರ್ ಹಿಡಿಯಿರಿ. ಕರಗಿ ಮಾಯವಾದರೆ ಎಣ್ಣೆ, ಹಾಗೇ ಕೂತಿದ್ದರೆ ಬೂಷ್ಟು.

ನಿಮ್ಮಜ್ಜನ ಚಪ್ಪಲಿ ಹತ್ತು ವರ್ಷ ಬಂದದ್ದು ಎಣ್ಣೆಯಿಂದಲೋ ಚರ್ಮದಿಂದಲೋ ಯೋಚಿಸಬೇಕಾದ್ದು. ಆಗಿನ ಹದ ತಂಗಡಿ ತೊಗಟೆ, ಅಳಲೆಕಾಯಿಯದು. ನಿಧಾನವಾಗಿ ಹದ ಆದ ದಪ್ಪ ಚರ್ಮ ಅದು.

ಜಯನಗರ_4ನೇಬ್ಲಾಕ್

ಇಷ್ಟೆಲ್ಲ ಓದಿ ತಲೆ ತಿರುಗುತ್ತಿದೆ, ಆದರೆ ಖುಷಿಯಾಯಿತು. ಹೊಸ ಬೆಲ್ಟು ಶುರು ಮಾಡುತ್ತೇನೆ. ಹಿಂಬದಿಗೆ ಏನು ಮಾಡಲಿ ಹೇಳಿ. ರೆಸೊಲೀನ್ ಹಿಂದಕ್ಕೂ ಹಚ್ಚಲಾ?

ಉಳಿಸುತ್ತಿಗೆ

ಹಿಂಬದಿಗೆ ಡೈಯನ್ನೇ ಹಾಕಬೇಡಿ. ಯಾರು ನೋಡುತ್ತಾರೆ? ಕಪ್ಪು ಬೇಕೇಬೇಕು ಅಂದರೆ ತೆಳು ಕಪ್ಪು ಲೈನಿಂಗ್ ಚರ್ಮ, ಟ್ಯಾನರಿಯಲ್ಲೇ ಬಣ್ಣ ಆಗಿ ಬಂದಿರುವುದು, ಅಂಟಿಸಿ ಹೊಲಿಯಿರಿ. ಇಲ್ಲದಿದ್ದರೆ ಬಣ್ಣ ಇಲ್ಲದ ಹಿಂಬದಿಗೆ ಗಮ್ ಟ್ರಾಗಕಾಂತ್ (ಗಿಡದ ಅಂಟು) ಅಥವಾ ಟೋಕೊನೋಲ್ (ನಾರು ಕೂರಿಸುವ ಪೇಸ್ಟು) ಸವರಿ, ಗಾಜಿನ ಲೋಟದ ತಳದಲ್ಲಿ ಒತ್ತಿ ಉಜ್ಜಿ. ನಾರು ಮಲಗುತ್ತದೆ, ನಯವಾಗುತ್ತದೆ. ಟ್ಯಾನ್ ಕೋಟ್ ಅನ್ನುವ ಫಿನಿಶ್ ಕೂಡ ಹಾಕಬಹುದು, ಆದರೆ ಅದು ನೀರಿಗೆ ನಿಲ್ಲುವುದಿಲ್ಲ, ಮಳೆಯಲ್ಲಿ ಸ್ಕೂಟರ್ ಓಡಿಸುವವರಿಗೆ ಬೇಡ. ಕೈಗಡಿಯಾರದ ಪಟ್ಟಿಗೂ ಇದೇ ಮಾತು. ಮೈಗೆ ತಾಗುವ ಕಡೆ ಫಿನಿಶ್ ಕಡಿಮೆ ಇದ್ದಷ್ಟು ಒಳ್ಳೆಯದು.

ಮತ್ತೆ, ಡೈ ಹಾಕುವಾಗ ಕಿಟಕಿ ತೆಗೆದಿಡಿ. ಸ್ಪಿರಿಟ್‌ನ ಡೈ ಅದು. ಅಡುಗೆಮನೆ ಕಟ್ಟೆ ಮೇಲೆ, ದೇವರ ದೀಪದ ಪಕ್ಕ ಕೂತು ಮಾಡಬೇಡಿ. ಹೇಳಬೇಕಾಗಿ ಬಂದಿದೆ ಅಂದರೆ ನಾನು ಕಣ್ಣಾರೆ ನೋಡಿದ್ದೇನೆ ಅಂತ ಅರ್ಥ.

ಕೆಮಿಸ್ಟ್ರಿ_ಮೇಷ್ಟ್ರು

ಕಪ್ಪೇ ಬೇಕು ಅನ್ನುವವರಿಗೆ ಡೈ ಇಲ್ಲದ ಇನ್ನೊಂದು ದಾರಿ ಇದೆ. ಹಿಂದೆ ನಮ್ಮ ಕಡೆ ಬರೆಯುವ ಶಾಯಿ ಹೇಗೆ ಮಾಡುತ್ತಿದ್ದರು? ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಉಪ್ಪು) ಹಾಕಿದರೆ ಕಪ್ಪು. ಒಗರು (ಟ್ಯಾನಿನ್) ಮತ್ತು ಕಬ್ಬಿಣ ಸೇರಿದರೆ ಕಪ್ಪು ಅಷ್ಟೇ. ವೆಜ್ ಟ್ಯಾನ್ ಚರ್ಮದಲ್ಲಿ ಒಗರು ಆಗಲೇ ತುಂಬಿದೆ. ಕಬ್ಬಿಣ ಮಾತ್ರ ಕೊಟ್ಟರೆ ಸಾಕು.

ಎಣ್ಣೆ ಜಿಡ್ಡು ತೊಳೆದ ಸ್ಟೀಲ್ ವುಲ್ ಅನ್ನು ಬಿಳಿ ವಿನೆಗರ್‌ನಲ್ಲಿ ಹಾಕಿ ಒಂದೆರಡು ವಾರ ಬಿಡಿ. ಸ್ಟೀಲ್ ವುಲ್ ಅಂದರೆ ಕಬ್ಬಿಣದ ನೂಲು, ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸುರುಳಿ ಆಗದು. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ. ಸೋಸಿ ಚರ್ಮಕ್ಕೆ ಹಚ್ಚಿ. ಮೊದಲು ಬೂದು, ಆಮೇಲೆ ನೋಡುತ್ತಾ ನೋಡುತ್ತಾ ಕಪ್ಪು. ಹತ್ತು ನಿಮಿಷ ಬಿಟ್ಟು ಸೋಡಾಪುಡಿ ಕಲಸಿದ ನೀರಿನಲ್ಲಿ ಒರೆಸಿ ಹುಳಿ ತೆಗೆಯಿರಿ, ತೊಳೆದು ನೆರಳಿನಲ್ಲಿ ಒಣಗಿಸಿ ಎಣ್ಣೆ ಕೊಡಿ. ಎಣ್ಣೆ ಕೊಡದಿದ್ದರೆ ಹಪ್ಪಳ ಆಗುತ್ತದೆ. ಬಣ್ಣ ಮೇಲೆ ಬಳಿದದ್ದಲ್ಲ, ನಾರಿನಲ್ಲೇ ಹುಟ್ಟಿದ್ದು, ಹಾಗಾಗಿ ಉಜ್ಜಿದರೆ ಬರುವುದು ಬಹಳ ಕಡಿಮೆ. ಕ್ರೋಮ್ ಚರ್ಮದಲ್ಲಿ ಒಗರಿಲ್ಲ, ಅಲ್ಲಿ ಈ ಆಟ ನಡೆಯುವುದಿಲ್ಲ.

ಮೇಣದಬತ್ತಿ

ಇದು! ಇದರ ಮೇಲೆ ಮೇಣ ಹಾಕಿದರೆ ಪ್ಲಾಸ್ಟಿಕ್ಕೇ ಬೇಡ.

ಬ್ಯಾಗಿನಕ್ಕ

ವಿನೆಗರ್ ವಾಸನೆ ಮನೆಯಲ್ಲಿ ಎರಡು ದಿನ ಇರುತ್ತದೆ, ಅದನ್ನೂ ಹೇಳಿ ಮೇಷ್ಟ್ರೇ. ನಮ್ಮತ್ತೆ ಉಪ್ಪಿನಕಾಯಿ ಕೆಟ್ಟಿದೆ ಅಂತ ಜಾಡಿಯನ್ನೆಲ್ಲ ಹೊರಗಿಟ್ಟಿದ್ದರು.

ಹಾಗೇ ಟಾಪ್‌ಕೋಟ್ ಆದ ಸಾಮಾನನ್ನು ಆ ದಿನವೇ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊರಿಯರ್ ಮಾಡಬೇಡಿ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಒಳಗೆ ಇನ್ನೂ ಹಸಿ. ಹುಬ್ಬಳ್ಳಿಗೆ ಕಳಿಸಿದ ಒಂದು ಪರ್ಸು ಕವರ್‌ಗೆ ಅಂಟಿಕೊಂಡು, ಬಿಡಿಸಿದಾಗ ಫಿನಿಶ್ ಕವರ್‌ನ ಜೊತೆ ಹೋಯಿತು. ಎರಡು ದಿನ ಗಾಳಿಗೆ ಬಿಟ್ಟು, ಹತ್ತಿ ಬಟ್ಟೆಯಲ್ಲೋ ಪೇಪರ್‌ನಲ್ಲೋ ಸುತ್ತಿ.

ಜಯನಗರ_4ನೇಬ್ಲಾಕ್

ಮೂರು ವಾರದ ಮೇಲೆ ಬರುತ್ತಿದ್ದೇನೆ. ಅದೇ ಚರ್ಮದ ನಾಲ್ಕು ತುಂಡು ಕತ್ತರಿಸಿ ಪರೀಕ್ಷೆ ಮಾಡಿದೆ. ಹಿಂಬದಿಯಲ್ಲಿ ಪೆನ್ನಿನಲ್ಲಿ ನಂಬರ್ ಬರೆದು.

ಒಂದನೆಯದು ಡೈ ಹಾಕಿ ಒರೆಸದೆ ನೇರ ರೆಸೊಲೀನ್, ಅಂದರೆ ನನ್ನ ಹಳೇ ಪದ್ಧತಿ. ಒಣ ಬಟ್ಟೆಗೆ ಏನೂ ಹತ್ತಲಿಲ್ಲ, ಆಹಾ ಅಂದುಕೊಂಡೆ. ಉಪ್ಪುನೀರಿನ ಬಟ್ಟೆ ಹನ್ನೆರಡನೇ ಉಜ್ಜಿಗೆ ಬೂದಾಯಿತು. ಎರಡನೆಯದು ಐದು ತುಂಡು ಬನಿಯನ್ ಮುಗಿಸಿ, ಎರಡು ದಿನ ಬಿಟ್ಟು, ಅರ್ಧ ನೀರಿನ ರೆಸೊಲೀನ್ ಎರಡು ಕೈ. ಉಪ್ಪುನೀರಿಗೂ ಬಟ್ಟೆ ಬಿಳಿ. ಮಡಿಚಿ ಬಿಚ್ಚಿ ಮಾಡಿದೆ, ಬಿರುಕಿಲ್ಲ. ಮೂರನೆಯದು ಅಷ್ಟೇ ಒರೆಸಿ ಬರೀ ಮೇಣ. ಒಣದಕ್ಕೆ ಪರವಾಗಿಲ್ಲ, ಒದ್ದೆಗೆ ಸ್ವಲ್ಪ ಬಂತು. ನಾಲ್ಕನೆಯದು ಮೇಷ್ಟ್ರ ಕಬ್ಬಿಣದ ಕಪ್ಪು, ಮೇಲೆ ಮೇಣ. ಇದು ನನಗೆ ತುಂಬಾ ಇಷ್ಟವಾಯಿತು, ಹೊಳಪಿಲ್ಲದ ಶಾಂತ ಕಪ್ಪು, ಬಟ್ಟೆಗೆ ಏನೂ ಬರಲಿಲ್ಲ. ಆದರೆ ಒಂದು ಕಡೆ ಮಚ್ಚೆ ಬಿದ್ದಿದೆ, ಮೊದಲೇ ಕೈಯ ಜಿಡ್ಡು ತಾಗಿತ್ತು ಅನ್ನಿಸುತ್ತದೆ.

ಭಾವನಿಗೆ ಎರಡನೇ ಪದ್ಧತಿಯಲ್ಲೇ ಮಾಡಿದೆ. ಹಿಂಬದಿಗೆ ಡೈ ಇಲ್ಲ, ಟೋಕೊನೋಲ್ ಹಾಕಿ ಲೋಟದಲ್ಲಿ ಉಜ್ಜಿ ಉಜ್ಜಿ ಹೆಬ್ಬೆರಳು ನೋವು. ಕೊಡೋಕೆ ಹೋದಾಗ ಅಕ್ಕ ಬೆಲ್ಟನ್ನು ಕೈಗೆ ತಗೊಂಡು ಏನೂ ಮಾತಾಡದೆ ಒಳಗೆ ಹೋದರು. ಒಂದು ಬಿಳಿ ಕರ್ಚೀಫು ಒದ್ದೆ ಮಾಡಿ ತಂದು ನನ್ನ ಮುಂದೆಯೇ ಹಿಂದೆ ಮುಂದೆ ಎಲ್ಲ ಉಜ್ಜಿದರು. ಕರ್ಚೀಫು ಬಿಳಿಯಾಗೇ ಇತ್ತು. ಆಮೇಲೆ ಅಂಚನ್ನು ಉಜ್ಜಿದರು.

ಅಂಚಿನಲ್ಲಿ ಬಂತು. ಸಣ್ಣ ಕಪ್ಪು ಗೆರೆ. ಅಂಚಿಗೆ ಡೈ ಹಾಕಿ ಒರೆಸೋದು ಮರೆತೇಬಿಟ್ಟಿದ್ದೆ.

ಉಳಿಸುತ್ತಿಗೆ

😄 ಅಕ್ಕನನ್ನು ಇಲ್ಲಿಗೆ ಸೇರಿಸಿ ಗುರು. ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅಂಚಿನ ಮೇಲೆ ಜೇನುಮೇಣದ ತುಂಡು ಉಜ್ಜಿ, ಕ್ಯಾನ್ವಾಸ್ ಬಟ್ಟೆಯಲ್ಲಿ ಬಿಸಿಯಾಗುವವರೆಗೆ ತಿಕ್ಕಿ. ಅರ್ಧ ಗಂಟೆ ಕೆಲಸ. ಪಂಚೆ ಏನಾಯಿತು?

ಜಯನಗರ_4ನೇಬ್ಲಾಕ್

ಪಂಚೆ ಡ್ರೈ ಕ್ಲೀನಿಂಗ್‌ಗೆ ಕೊಟ್ಟು ತಂದರು, ಗೆರೆ ಪೂರ್ತಿ ಹೋಗಿಲ್ಲ. ಹೊಸದು ಕೊಡಿಸುತ್ತೇನೆ ಅಂದೆ. ಭಾವ ಬೇಡ ಅಂದರು, ಅಕ್ಕ ಬೇಕು ಅಂದರು. ಭಾನುವಾರ ಚಿಕ್ಕಪೇಟೆಗೆ ಹೊರಟಿದ್ದೇವೆ.